ನೂರೆಂಬತ್ತು ವೋಲ್ಟಿನ ಸ್ವರ

ರಬಾಳೆಯ ಸ್ಟೆಬಿಲೈಸರ್ ಕಾರ್ಖಾನೆಯಲ್ಲಿ ಲತೀಶ್ ಮಾಡುವ ಕೆಲಸವನ್ನು ವಿವರಿಸಲು ಹೆಚ್ಚು ಮಾತು ಬೇಡ. ಹೊರಗೆ ಕರೆಂಟು ಎಷ್ಟೇ ಏರಿಳಿದರೂ ಫ್ರಿಜ್ಜಿಗೆ, ಏಸಿಗೆ ಒಂದೇ ಸಮನೆ ವೋಲ್ಟೇಜ್ ಕೊಡುವ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ತಯಾರಾದ ಪ್ರತಿ ಪೆಟ್ಟಿಗೆಗೂ ಬೇಕೆಂದೇ ಕೆಟ್ಟ ಕರೆಂಟು ಕೊಟ್ಟು, ಅದು ತಡೆದುಕೊಳ್ಳುತ್ತದೆಯೇ ಎಂದು ನೋಡುವವನು ಇವನು. ಇದಕ್ಕಾಗಿ ಅವನ ಮೇಜಿನ ಮೇಲೆ ಡಿಮ್ಮರ್‌ಸ್ಟಾಟ್ ಎಂಬ ಗುಂಡನೆಯ ಯಂತ್ರವಿದೆ. ಅದರ ಕಪ್ಪು ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ವೋಲ್ಟೇಜ್ ಇಳಿಯುತ್ತದೆ, ಬಲಕ್ಕೆ ತಿರುಗಿಸಿದರೆ ಏರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಡಕ್ಕೆ, ಬಲಕ್ಕೆ. ಪೆಟ್ಟಿಗೆಯೊಳಗಿನಿಂದ ಟಕ್ ಎಂದು ಸದ್ದು ಬಂದರೆ ಪಾಸು, ಬಾರದಿದ್ದರೆ ಫೇಲು.

ಕೆಲಸ ನೆಮ್ಮದಿಯದು. ಮನುಷ್ಯನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದಾಗಲೂ ಅವನ ಎಡಗೈ ಬೆರಳುಗಳು ಪ್ಯಾಂಟಿನ ಹೊಲಿಗೆಯ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಿದ್ದವು. ವಾರದ ಕೊನೆಗೆ ಆತ ಜಯಶೀಲ ಎಂಬವರ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಸಂಘದ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಷಷ್ಟ್ಯಬ್ದಿ, ಯಾವುದೂ ಆದೀತು. ಚೆನ್ನಾಗಿಯೇ ನುಡಿಸುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಅವನು ಒಪ್ಪುವುದಿಲ್ಲ. ಅವನ ತಕರಾರು ಕೈಯ ಬಗ್ಗೆ ಅಲ್ಲ, ಶಬ್ದದ ಬಗ್ಗೆ.

ಇಪ್ಪತ್ತು ವರ್ಷಗಳ ಹಿಂದೆ, ಅವರ ವಸತಿ ಸೊಸೈಟಿಯ ಗಣೇಶೋತ್ಸವದಲ್ಲಿ, ಆ ಶಬ್ದ ಒಮ್ಮೆ ಬಂದಿತ್ತು. ಅಂದು ಅವನ ಬಳಿ ಗಿಟಾರ್ ಇತ್ತು, ಆಂಪ್ಲಿಫೈಯರ್ ಇರಲಿಲ್ಲ. ಕಲ್ಯಾಣದ ರೈಲ್ವೆ ಕಾಲೊನಿಯ ಹಿರಿಯ ವಾದಕರೊಬ್ಬರು ತಮ್ಮ ಹಳೆಯ ವಾಲ್ವ್ ಆಂಪನ್ನು ಒಂದು ಸಂಜೆಗೆ ಕೊಟ್ಟಿದ್ದರು. ವಾಲ್ವ್ ಎಂದರೆ ಹಿಂದಿನ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಆ ಗಾಜಿನ ಬುರುಡೆಗಳು. ಪೆಂಡಾಲಿಗೆ ಕರೆಂಟು ಬಂದದ್ದು ನೀರಿನ ಪಂಪಿನ ಕೋಣೆಯಿಂದ, ಉದ್ದನೆಯ ವೈರಿನಲ್ಲಿ. ದಾರಿಯುದ್ದಕ್ಕೂ ಬಣ್ಣದ ಸರಣಿ ದೀಪಗಳು. ಲತೀಶ್ ತಂತಿ ಮೀಟಿದ. ಶಬ್ದ ಎಂದಿನಂತೆ ಸಿಡಿಯಲಿಲ್ಲ. ಒಮ್ಮೆ ಒಳಕ್ಕೆ ಸರಿದು ಆಮೇಲೆ ಅರಳಿತು. ಜೋರಾಗಿ ಮೀಟಿದರೆ ಒಡೆಯದೆ ಬಾಗಿತು. ಮೆಲ್ಲಗೆ ಮೀಟಿದರೆ ತೊಳೆದ ಗಾಜಿನಂತೆ ತಿಳಿಯಾಯಿತು. ಹಾಡು ಮುಗಿಯಿತು, ಆರತಿ ಶುರುವಾಯಿತು, ಆಂಪು ಮರುದಿನ ಕಲ್ಯಾಣಕ್ಕೆ ಮರಳಿತು. ಶಬ್ದ ಮತ್ತೆ ಬರಲಿಲ್ಲ.

ಅಂದಿನಿಂದ ಹುಡುಕಾಟ. ಮೊದಲು ಪಿಕಪ್ಪಿನ ಮೇಲೆ ಅನುಮಾನ. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟಾಗಿ ಮಾಡುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಅದು. ಲತೀಶ್ ಕೊಂಡು ಹಾಕಿದ, ತೆಗೆದ, ಕೊನೆಗೆ ತಾನೇ ಕೂದಲಿನಂಥ ತಂತಿಯನ್ನು ಸುತ್ತಲು ಕುಳಿತ. ಸುತ್ತು ಹೆಚ್ಚಾದರೆ ಶಬ್ದ ದಪ್ಪ, ಕಡಿಮೆಯಾದರೆ ಚೂಪು. ಸುತ್ತಿದ್ದು ಕಿರುಚಬಾರದೆಂದು ಕರಗಿದ ಮೇಣದಲ್ಲಿ ಅದ್ದಬೇಕು. ಅದನ್ನು ಅವನು ಹೆಂಡತಿ ನಿಶ್ಮಿತಾಳ ಇಡ್ಲಿ ಪಾತ್ರೆಯಲ್ಲಿ ಮಾಡಿದ.

"ಇಡ್ಲಿಗೆ ಎಂತ ಚರ್ಚಿನ ಪರಿಮಳ ಬರ್ತಾ ಉಂಟು?" ಎಂದು ಮರುದಿನ ಕೇಳಿದಳು ನಿಶ್ಮಿತಾ.

"ತೊಳೆದಿದ್ದೆ ಮಾರಾಯ್ತಿ."

"ತೊಳೆದದ್ದು ಗೊತ್ತಾಗ್ತದೆ. ಮಗಳು ಎರಡು ತಿಂದು ಮೇಣದ ಬತ್ತಿ ಆಗಿದ್ದಾಳೆ. ಹಚ್ಚಿ ನೋಡಿ."

ಆಕೆ ಸಹಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿ. ಮಾತಿನಲ್ಲಿ ಖರ್ಚು ಕಡಿಮೆ. ಗಂಡನ ಹುಚ್ಚನ್ನು ಆಕೆ ಹೊಗಳಲೂ ಇಲ್ಲ, ತಡೆಯಲೂ ಇಲ್ಲ. ಆದರೆ ಎರಡು ಕೋಣೆಯ ಮನೆಗೆ ಒಂದೊಂದಾಗಿ ಆಂಪುಗಳು ಬಂದು ಹೋದವು. ಕೊನೆಗೆ ಕಳೆದ ವರ್ಷ ಬಂದದ್ದು ಬೇರೆ ಯಾವುದೂ ಅಲ್ಲ, ಕಲ್ಯಾಣದ ಅದೇ ಆಂಪು. ಹಿರಿಯ ವಾದಕರು ತೀರಿಕೊಂಡಿದ್ದರು. ಮನೆಯವರು ಅದರ ಮೇಲೆ ತುಳಸಿ ಗಿಡ ಇಟ್ಟಿದ್ದರು. ಲತೀಶ್ ಅದನ್ನು ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದ. ಇಷ್ಟು ಹಳೆಯ ವಸ್ತು ಸುಟ್ಟುಹೋದರೆ ಗತಿಯೇನು ಎಂದು, ತನ್ನ ಕೈಯಾರೆ ಪರೀಕ್ಷಿಸಿ ಪಾಸು ಮಾಡಿದ ಸ್ಟೆಬಿಲೈಸರ್ ಒಂದನ್ನು ಅದಕ್ಕೆ ಜೋಡಿಸಿದ. ಅದೇ ಗಿಟಾರ್, ಅದಕ್ಕೆ ಮೊದಲಿದ್ದ ಅದೇ ಪಿಕಪ್, ಅದೇ ಆಂಪು. ಮೀಟಿದ.

ಶಬ್ದ ಚೆನ್ನಾಗಿತ್ತು. ಅದು ಮಾತ್ರ ಆ ಶಬ್ದ ಆಗಿರಲಿಲ್ಲ.

ಮುಂದಿನ ಆರು ತಿಂಗಳು ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ವಾಲ್ವ್ ಬದಲಿಸಿದ, ಸ್ಪೀಕರ್ ಬಿಚ್ಚಿದ, ಆಂಪನ್ನು ಗೋಡೆಗೆ ತಿರುಗಿಸಿದ, ಬಾಗಿಲಿಗೆ ತಿರುಗಿಸಿದ. ಮಗಳು ಮಾನಸಿ ಪುಸ್ತಕದಿಂದ ತಲೆಯೆತ್ತಿ, "ಪಪ್ಪಾ, ಪರತ್ ತೇಚ್?" ಎನ್ನುತ್ತಿದ್ದಳು. ಮತ್ತೆ ಅದೇನಾ ಎಂದು. ಮಗಳು ಮರಾಠಿಯಲ್ಲಿ ಕೇಳಿದ್ದಕ್ಕೆ ಅಪ್ಪ ಕನ್ನಡದಲ್ಲಿ ಸುಳ್ಳು ಹೇಳುತ್ತಿದ್ದ: "ಇದೇ ಲಾಸ್ಟ್, ಪುಟ್ಟಾ."

ಆ ಮಾತನ್ನು ನಿಶ್ಮಿತಾ ಹಿಡಿದುಕೊಂಡಳು. "ಲಾಸ್ಟ್ ಅಂತ ನೀವೇ ಹೇಳಿದ್ದು. ಈ ತಿಂಗಳೊಳಗೆ ಬಂದರೆ ಬಂತು. ಬಾರದಿದ್ದರೆ ಇಲ್ಲ. ತಿಂಗಳ ಕೊನೆಗೆ ಆ ಆಂಪಿನ ಪೆಟ್ಟಿಗೆಯನ್ನು ಯಾರಾದರೂ ಬೇಕಾದವರಿಗೆ ಕೊಟ್ಟುಬಿಡಿ. ಹುಡುಗಿಗೆ ಮೇಜಿಡಲಿಕ್ಕೆ ಆ ಮೂಲೆ ಬೇಕು."

ಬೇಕಾದವರು ಸಿಕ್ಕಿದರು. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡದಲ್ಲಿರುವ ಜಯಂತ್ ಎಂಬ ಬೆಂಗಳೂರಿನ ಯುವಕ, ಹಣಕಾಸಿನ ಕಂಪನಿಯಲ್ಲಿ ದೊಡ್ಡ ಕೆಲಸ, ಮನೆಯಲ್ಲಿ ಗಿಟಾರುಗಳದೇ ಒಂದು ಗೋಡೆ. ಬಂದು ನೋಡಿದ, ಮಂಡಿಯೂರಿ ಆಂಪಿನ ಬೆನ್ನನ್ನು ಪರೀಕ್ಷಿಸಿದ, "ಸಾರ್, ಇದು ದೇವರ ಮೂರ್ತಿ ಥರ ಇದೆ" ಎಂದ. ತಿಂಗಳ ಕೊನೆಯ ಶನಿವಾರ ಕಾರು ತರುವುದೆಂದು ಮಾತಾಯಿತು. ಲತೀಶ್ ಕೈ ಕುಲುಕಿದ. ಅಲ್ಲಿಂದ ಅವನ ಲೆಕ್ಕ ಒಂದೇ: ಶನಿವಾರದೊಳಗೆ ಆ ಶಬ್ದ ಬರಬೇಕು, ಇಲ್ಲವಾದರೆ ಅದು ತಾನು ಕಲ್ಪಿಸಿಕೊಂಡದ್ದೆಂದು ಒಪ್ಪಿಕೊಳ್ಳಬೇಕು.

ಆ ಶನಿವಾರಕ್ಕೆ ಮೊದಲಿನ ಭಾನುವಾರ ಕಲ್ಯಾಣದ ಒಂದು ಹಳೆಯ ಸಭಾಗೃಹದಲ್ಲಿ ಕಾರ್ಯಕ್ರಮವಿತ್ತು; ಉಡುಪಿ ಕಡೆಯ ಹೋಟೆಲಿನವರೊಬ್ಬರ ಮದುವೆಯ ಬೆಳ್ಳಿಹಬ್ಬ. ಜಯಶೀಲರ ವ್ಯಾನು ಮಧ್ಯಾಹ್ನ ಕಟ್ಟಡದ ಕೆಳಗೆ ನಿಂತಿತು. ಲತೀಶ್ ಆಂಪನ್ನು ಏರಿಸಿದ, ಸ್ಟೆಬಿಲೈಸರ್ ಎತ್ತಿದ.

"ಅದೆಂತ ಮತ್ತೊಂದು?" ಎಂದರು ಜಯಶೀಲ.

"ಇದಿಲ್ಲದೆ ಹಚ್ಚಲಿಕ್ಕೆ ಆಗುದಿಲ್ಲ ಜಯಣ್ಣ. ಹಳೇ ಸಾಮಾನು."

"ಹಾಗಾದರೆ ಹಾಡುವವಳನ್ನು ಕೆಳಗೆ ಇಳಿಸ್ತೇನೆ, ನಿನ್ನ ಪೆಟ್ಟಿಗೆ ಹಾಡಲಿ. ಜಾಗ ಎಲ್ಲಿ ಉಂಟು ಮಾರಾಯ? ಎಲ್ಲರೂ ಅಂಗೈಯಷ್ಟು ಮೆಷಿನ್ ತರ್ತಾರೆ, ನೀನೊಬ್ಬ ಕಡೆಯುವ ಕಲ್ಲು ಹೊತ್ತುಕೊಂಡು ಬರ್ತಿ."

ಸ್ಟೆಬಿಲೈಸರ್ ವಾಚ್‌ಮನ್ನನ ಕೋಣೆಯಲ್ಲಿ ಉಳಿಯಿತು. ಲತೀಶ್ ದಾರಿಯುದ್ದಕ್ಕೂ ಉಗುರು ಕಚ್ಚಿದ.

ಕಾರ್ಯಕ್ರಮ ಸರಿಯಾಗಿಯೇ ಆರಂಭವಾಯಿತು. ನಾಲ್ಕಾರು ಹಾಡುಗಳಾದ ಮೇಲೆ ಊಟ ಶುರುವೆಂದು ಸಾರಿದರು. ಆಗ ಲತೀಶನ ಸರದಿಯ ತುಣುಕು ಬಂತು. ಆತ ತಂತಿ ಮೀಟಿದ. ಸ್ವರ ಒಮ್ಮೆ ಒಳಕ್ಕೆ ಸರಿಯಿತು, ಆಮೇಲೆ ಅರಳಿತು.

ಅದೇ ಶಬ್ದ. ಮತ್ತೆ ಮೀಟಿದ, ಜೋರಾಗಿ. ಬಾಗಿತು. ಮೆಲ್ಲಗೆ. ತಿಳಿಯಾಯಿತು. ತನ್ನ ಪಾಲು ಮುಗಿದದ್ದು ಅವನಿಗೆ ತಿಳಿಯಲಿಲ್ಲ, ಹಾಡುವಾಕೆ ಎರಡನೆಯ ಚರಣಕ್ಕೆ ಬಾಯಿ ತೆರೆದು ಮುಚ್ಚಿದ್ದು ಕಾಣಲಿಲ್ಲ. ಇಷ್ಟರಲ್ಲಿ ಕೀಬೋರ್ಡು ಬೆಳಕು ಆರಿಸಿಕೊಂಡು ಮೌನವಾಯಿತು.

"ನಿಲ್ಲಿಸು ಮಾರಾಯ! ಕರೆಂಟಿಗೆ ಏನೋ ಆಗಿದೆ!" ಜಯಶೀಲರು ಮೈಕಿಗೆ ಅಂಗೈ ಅಡ್ಡ ಹಿಡಿದು ಬೈದರು. ಲತೀಶ್ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಸಭಾಗೃಹದ ಎಲೆಕ್ಟ್ರಿಷಿಯನ್ ಎಲ್ಲೋ ಓಡಿಹೋಗಿ ಏನೋ ಆರಿಸಿದ. ಶಬ್ದ, ಯಾರೋ ಬಾಗಿಲು ಹಾಕಿಕೊಂಡ ಹಾಗೆ, ಹೋಯಿತು. ಉಳಿದದ್ದು ದಿನನಿತ್ಯದ ಗಟ್ಟಿ ಶಬ್ದ.

ಗಿಟಾರನ್ನು ಕುರ್ಚಿಗೆ ಒರಗಿಸಿ ಆತ ವೇದಿಕೆಯಿಂದ ನೇರ ಇಳಿದ. ಏನನ್ನು ಆರಿಸಿದರೆಂದು ಕೇಳುತ್ತ ಹೋದವನು ಮುಟ್ಟಿದ್ದು ಗೋಡೆಬದಿಯ ನೀರುದೋಸೆಯ ಕೌಂಟರಿಗೆ. ಒಳಗೆ ಗ್ಯಾಸು ಹಚ್ಚಬಾರದೆಂಬ ನಿಯಮವಿದ್ದುದರಿಂದ ಅಲ್ಲಿ ಸಾಲಾಗಿ ಕರೆಂಟಿನ ಕಾವಲಿಗಳಿದ್ದವು.

"ಇನ್ನೊಮ್ಮೆ ಹಚ್ಚಿ," ಎಂದ ಲತೀಶ್.

ಅಡುಗೆಯವ ಅವನ ಬೆವರಿದ ಮುಖ ನೋಡಿದ. "ಹಸಿವಾ ಅಣ್ಣ? ನುಡಿಸುವವರಿಗೆ ಆಮೇಲೆ ಉಂಟು."

"ಹಸಿವಲ್ಲ. ಹಚ್ಚಿ. ಎಲ್ಲವನ್ನೂ."

"ಎಲ್ಲವನ್ನೂ ಬೇಡ ಅಂತ ಈಗಷ್ಟೇ ಬೈದು ಹೋದರು. ತಡೀರಿ, ನಿಮಗೆ ಎರಡು ಹುಯ್ದು ಕೊಡ್ತೇನೆ." ಕರುಣೆಯಿಂದ ಆತ ಎರಡು ಕಾವಲಿಗಳ ಸ್ವಿಚ್ ಒತ್ತಿದ. ತಲೆಯ ಮೇಲಿನ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿ ಮಂಕಾಯಿತು. ಫ್ಯಾನು ನಿಧಾನವಾಯಿತು.

ಕೈಯಲ್ಲಿ ದೋಸೆಯ ತಟ್ಟೆ ಹಿಡಿದು ಲತೀಶ್ ಆ ಟ್ಯೂಬ್‌ಲೈಟನ್ನೇ ನೋಡುತ್ತ ನಿಂತ. ಪಂಪಿನ ಕೋಣೆಯಿಂದ ಬಂದ ಉದ್ದನೆಯ ವೈರು, ಬಣ್ಣದ ದೀಪಗಳ ಸಾಲು, ಡೊಂಬಿವಲಿಯಲ್ಲಿ ಪ್ರತಿ ಸಂಜೆ ಟ್ಯೂಬ್‌ಲೈಟು ಹತ್ತಲೊಲ್ಲದ ಆ ವರ್ಷಗಳು, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ಅವನ ಶಬ್ದ ಪಿಕಪ್ಪಿನಲ್ಲಿ ಇರಲಿಲ್ಲ, ವಾಲ್ವಿನಲ್ಲಿ ಇರಲಿಲ್ಲ. ಹೊಟ್ಟೆತುಂಬ ಕರೆಂಟು ಸಿಗದ ಆಂಪು ಸೋತು ಬಾಗುವ ಶಬ್ದ ಅದು. ಕೆಟ್ಟ ಕರೆಂಟಿನ ಶಬ್ದ. ಅದನ್ನು ಹೊರಗಿಡಲೆಂದೇ ಆತ ಸ್ಟೆಬಿಲೈಸರ್ ಜೋಡಿಸಿದ್ದ. ಹೊರಗಿಡುವುದು ಅವನ ಉದ್ಯೋಗವೇ ಆಗಿತ್ತು.

ಉಳಿದ ಹಾಡುಗಳಲ್ಲಿ ಆತ ಮೂರು ಕಡೆ ತಪ್ಪಿದ.

ಸೋಮವಾರ ಮೇನೇಜರರನ್ನು ಒಪ್ಪಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಿಮ್ಮರ್‌ಸ್ಟಾಟ್ ಒಂದನ್ನು ಒಂದು ವಾರದ ಮಟ್ಟಿಗೆ ಗೇಟ್‌ಪಾಸಿನ ಮೇಲೆ ಮನೆಗೆ ತಂದ. ಸ್ಟೆಬಿಲೈಸರನ್ನು ತೆಗೆದು ಆ ಜಾಗದಲ್ಲಿ ಇದನ್ನಿಟ್ಟ. ಇಪ್ಪತ್ತು ವರ್ಷ ತಿರುಗಿಸಿದ ಹಿಡಿ. ಎಂದಿನ ಇನ್ನೂರ ಮೂವತ್ತರಿಂದ ಎಡಕ್ಕೆ ಇಳಿಸುತ್ತ ಇಳಿಸುತ್ತ, ನೂರೆಂಬತ್ತು ವೋಲ್ಟಿಗೆ ನಿಲ್ಲಿಸಿ ಮೀಟಿದ.

ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದ ನಿಶ್ಮಿತಾಳ ಚೂರಿ ನಿಂತಿತು. ಗಣೇಶೋತ್ಸವದ ಆ ಸಂಜೆ ಆಕೆ ಎದುರಿನ ಕಟ್ಟಡದ ಹುಡುಗಿ. ಪ್ರಸಾದದ ತಟ್ಟೆ ಹಿಡಿದು ಪೆಂಡಾಲಿನಲ್ಲೇ ಇದ್ದಳು. ಬಾಗಿಲಿಗೆ ಬಂದು ನಿಂತು ತುಸು ಹೊತ್ತು ಕೇಳಿದಳು.

"ಇದೇ ಅಲ್ವಾ ಅದು?"

"ಇದೇ."

"ಹೌದು. ನೀವು ಸುಮ್ಮನೆ ಹೇಳುದು ಅಂತ ಎಣಿಸಿದ್ದೆ." ಅಷ್ಟು ಹೇಳಿ ಒಳಗೆ ಹೋದಳು. ಚೂರಿಯ ಸದ್ದು ಮತ್ತೆ ಶುರುವಾಯಿತು.

ಆ ವಾರವೆಲ್ಲ ಆತ ನುಡಿಸಿದ. ಮೊದಲ ದಿನ ಕಣ್ಣು ಮುಚ್ಚಿಕೊಂಡು. ಬುಧವಾರದ ಹೊತ್ತಿಗೆ ನೂರೆಂಬತ್ತಕ್ಕಿಂತ ನೂರೆಪ್ಪತ್ತೈದೇ ವಾಸಿಯೇನೋ ಅನಿಸತೊಡಗಿತು. ಗುರುವಾರ ಮತ್ತೆ ಮೇಲಕ್ಕೆ. ಶುಕ್ರವಾರ ಮಾನಸಿ ಹೆಡ್‌ಫೋನ್ ಕಿತ್ತು, "ಪಪ್ಪಾ, ಮಿಲ್ ಗಯಾ ಬೋಲಾ ಥಾ ನಾ?" ಎಂದಳು. ಸಿಕ್ಕಿತು ಅಂದಿದ್ದೆಯಲ್ಲ? ಆತ ಹಿಡಿಯನ್ನು ಇನ್ನೊಂದು ಗೆರೆ ಎಡಕ್ಕೆ ತಿರುಗಿಸಿದ.

ಶನಿವಾರ ಬೆಳಿಗ್ಗೆ ಜಯಂತ್ ಬಂದ. ಲತೀಶ್ ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ಕೂರಿಸಿ, ಮೊದಲು ಸ್ಟೆಬಿಲೈಸರಿನಲ್ಲಿ ನುಡಿಸಿ ತೋರಿಸಿದ, ಆಮೇಲೆ ಹಿಡಿ ಇಳಿಸಿ ನುಡಿಸಿದ. ಎರಡನೆಯದನ್ನು ಕೇಳಿದವನು ಆಂಪನ್ನು ಬೇಡವೆಂದಾನು ಎಂಬ ಆಸೆಯೂ, ಇದರ ಬೆಲೆ ಅರಿತಾನು ಎಂಬ ಆಸೆಯೂ ಒಟ್ಟಿಗೆ ಇದ್ದವು.

ಜಯಂತ್ ತಲೆ ಓರೆ ಮಾಡಿ ಕೇಳಿದ. "ಮೊದಲನೇದು ಸಖತ್ತಾಗಿದೆ ಸಾರ್. ಎರಡನೇದು... ತಪ್ಪು ತಿಳ್ಕೋಬೇಡಿ, ನಮ್ಮ ತಾತನ ರೇಡಿಯೋ ಥರ ಕೇಳುತ್ತೆ. ನಮ್ಮ ಟವರ್‌ನಲ್ಲಿ ಬಿಡಿ, ವೋಲ್ಟೇಜ್ ಅಲ್ಲಾಡೋದೇ ಇಲ್ಲ."

ಲತೀಶ್ ಗಿಟಾರಿನ ಪಟ್ಟಿ ಸರಿಪಡಿಸಿದ. ಪಟ್ಟಿ ಸರಿಯಾಗಿಯೇ ಇತ್ತು. "ಸ್ವಲ್ಪ ಇರಿ," ಎಂದು ಒಳಗೆ ಹೋದ.

"ಕೊಡುವುದು ಬೇಡ ಅನಿಸ್ತದೆ," ಎಂದ ಹೆಂಡತಿಯ ಬಳಿ, ತಗ್ಗಿದ ದನಿಯಲ್ಲಿ.

"ಯಾಕೆ?"

"ಶಬ್ದ ಸಿಕ್ಕಿತಲ್ಲ ಈಗ."

"ಸಿಕ್ಕಿತಲ್ಲ, ಮತ್ತೆ ಪೆಟ್ಟಿಗೆ ಯಾಕೆ? ಕರೆಂಟು ಇಳಿಸಿದರೆ ಬರುದು ಅಂತ ನೀವೇ ಹೇಳಿದ್ದು. ಇದಲ್ಲದಿದ್ದರೆ ಇಂಥದೇ ಇನ್ನೊಂದರಲ್ಲಿ ಬರ್ತದೆ. ಅವರಿಗೆ ಮಾತು ಕೊಟ್ಟಾಗಿದೆ, ಘೋಡಬಂದರಿನಿಂದ ಟ್ರಾಫಿಕ್ಕಿನಲ್ಲಿ ಬಂದಿದ್ದಾರೆ. ಚಾ ಕೊಡಿ, ಪೆಟ್ಟಿಗೆಯನ್ನೂ ಕೊಡಿ."

ಈ ತರ್ಕದಲ್ಲಿ ದೋಷವಿರಲಿಲ್ಲ. ಲತೀಶ್ ಅದನ್ನು ಎಲ್ಲ ಕಡೆಯಿಂದ ತಡವಿ ನೋಡಿದ, ಬಿರುಕು ಸಿಗಲಿಲ್ಲ. ಆಂಪನ್ನು ಇಬ್ಬರೂ ಸೇರಿ ಲಿಫ್ಟಿಗೆ ಸಾಗಿಸಿದರು. ಜಯಂತ್ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿರಿಸಿ ಸೀಟ್‌ಬೆಲ್ಟ್ ಕಟ್ಟಿದ. ಲತೀಶ್ ಮೇಲೆ ಬರುವಷ್ಟರಲ್ಲಿ ಮಾನಸಿ ಮೂಲೆಯಲ್ಲಿ ಮೇಜು ಎಳೆದು ಹಾಕಿಯಾಗಿತ್ತು.

ಆತ ಪೇಪರ್ ಓದಿದ. ಎದ್ದು ಕಿಟಕಿಯ ಬಳಿ ನಿಂತ. ಬೆರಳುಗಳು ಸರಳಿನ ಮೇಲೆ ಓಡಾಡಿದವು. ಇಷ್ಟು ವರ್ಷ ಆತ ತನ್ನ ಚಡಪಡಿಕೆಗೆ ಆ ಶಬ್ದವೇ ಕಾರಣವೆಂದು ತಿಳಿದಿದ್ದ. ಸಿಕ್ಕರೆ ಕೂರಬಹುದು ಎಂದುಕೊಂಡಿದ್ದ. ಸಿಕ್ಕಿತು. ಕೂರುವುದು ಬರಲಿಲ್ಲ. ಆ ಪೆಂಡಾಲಿನಲ್ಲಿ ಸ್ವರದ ತುದಿಯಲ್ಲಿ ಸಣ್ಣದೊಂದು ಒರಟು ಇತ್ತಲ್ಲ, ಅದು ಈ ವಾರ ಎಲ್ಲಿ ಹೋಗಿತ್ತು? ಅದು ಆಂಪಿನದ್ದೇ ಅಲ್ಲದಿರಬಹುದು. ಅಂದು ಅದರ ಮುಂದೆ ಹಿಡಿದಿದ್ದ ಮೈಕಿನದ್ದು, ಆರತಿಗೆಂದು ಬಂದಿದ್ದ ಕಲ್ಯಾಣದ ಭಜನಾ ಮಂಡಳಿಯ ಆ ಹಳೆಯ ಮೈಕಿನದ್ದು ಇರಬಹುದು.

ಸಂಜೆ ಆತ ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?" ಎಂದಳು ನಿಶ್ಮಿತಾ.

"ಇಲ್ಲೇ ಕಲ್ಯಾಣಕ್ಕೆ. ಮಂಡಳಿಯವರ ಹತ್ತಿರ ಸ್ವಲ್ಪ ಮಾತಾಡ್ಲಿಕ್ಕಿತ್ತು."

ಆಕೆ ಅವನ ಕೈಗೆ ಬಟ್ಟೆಯ ಚೀಲ ಕೊಟ್ಟಳು. "ಬರುವಾಗ ಬಂಗುಡೆ ತನ್ನಿ. ಮತ್ತೆ ತರುವುದು ಏನಿದ್ದರೂ ಈ ಚೀಲದೊಳಗೆ ಹಿಡಿಯಬೇಕು."

ಲತೀಶ್ ಚೀಲದ ಬಾಯಿ ಅಗಲಿಸಿ ಅಳತೆ ನೋಡಿದ. ಮೈಕು ಹಿಡಿಯುತ್ತಿತ್ತು.