ಹನ್ನೊಂದನೇ ಕ್ಲಾಸಿನವಳ ಶನಿವಾರದ ಕಾಲೇಜು

ಮಗಳು ಹನ್ನೊಂದನೇ ಕ್ಲಾಸಿನಲ್ಲಿರುವಾಗಲೇ ಕಾಲೇಜಿಗೂ ಹೋಗುತ್ತಾಳೆ ಎಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. "ಡಬಲ್ ಪ್ರಮೋಷನ್ನಾ?" ಎಂದು ನನ್ನ ಅಣ್ಣ ಫೋನಿನಲ್ಲಿ ಕೇಳಿದ. ಅಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೇ ಸಾಕುಬೇಕಾಯಿತು. ಮಸ್ಕತ್ತಿನ ಅವಳ ಇಂಡಿಯನ್ ಸ್ಕೂಲಿನವರು ರುಸೈಲ್ ಕಡೆಯ ಒಂದು ಸಣ್ಣ ಕಾಲೇಜಿನ ಜೊತೆ ಮಾತಾಡಿಕೊಂಡಿದ್ದರು. ಸ್ಕೂಲಿನ ದೊಡ್ಡ ಮಕ್ಕಳು ರಜೆಯ ದಿನವಾದ ಶನಿವಾರ ಅಲ್ಲಿಗೆ ಹೋಗಿ, ಕಾಲೇಜಿನ ಮೊದಲ ವರ್ಷದ ಒಂದು ವಿಷಯ ಓದಬಹುದು. ಪಾಸಾದರೆ ಆ ಕ್ರೆಡಿಟ್ ಅವರ ಹೆಸರಿಗೆ ಜಮೆ. ಮುಂದೆ ಅದೇ ಕಾಲೇಜಿಗೆ ಸೇರಿದಾಗ ಆ ವಿಷಯವನ್ನು ಮತ್ತೆ ಓದಬೇಕಾಗಿಲ್ಲ.

ಮುಂದೆ ಆ ಕಾಲೇಜಿಗೆ ಸೇರುವವರು ಯಾರು ಎಂಬುದೇ ನನ್ನ ಪ್ರಶ್ನೆ. ನಮ್ಮವರಂತೂ ಅಲ್ಲ. ಹನ್ನೆರಡನೇ ಕ್ಲಾಸ್ ಮುಗಿದ ಕೂಡಲೇ ಮಕ್ಕಳನ್ನು ಊರಿಗೆ ಕಳಿಸಿ ಹಾಸ್ಟೆಲ್ಲಿಗೆ ಸೇರಿಸುವುದು ಇಲ್ಲಿಯ ನಮ್ಮ ಪದ್ಧತಿ. ನನ್ನ ಲೆಕ್ಕಾಚಾರ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಅವಳ ಹನ್ನೆರಡನೇ ಕ್ಲಾಸೂ ನನ್ನ ಕೆಲಸದ ಕರಾರೂ ಒಂದೇ ಬೇಸಿಗೆಯಲ್ಲಿ ಮುಗಿಯುವುದರಲ್ಲಿದ್ದವು. ಅವಳು ಮಂಗಳೂರಿನಲ್ಲಿ ಸಿಎಗೆ ಸೇರುವುದು, ನಾನೂ ಹೆಂಡತಿಯೂ ಗಂಟುಮೂಟೆ ಕಟ್ಟಿಕೊಂಡು ಅವಳ ಜೊತೆಗೇ ಹೊರಡುವುದು. ಖಲಾಸ್. ಇದನ್ನು ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಮತ್ತೆ ಸೇರಿಸಿದ್ದೇಕೆ ಎಂದರೆ, ಎಲ್ಲರೂ ಸೇರಿಸಿದರು, ಸೇರಿಸಿದೆ. ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಬಾಗಲಕೋಟೆ ಕಡೆಯ ಎಂಜಿನಿಯರ್ ಒಬ್ಬರಿದ್ದಾರೆ. ಅವರ ಮಗ ನನ್ನ ಮಗಳ ಕ್ಲಾಸಿನವನೇ. "ಹಾಕಿಬಿಡ್ರಿ ಸರ, ಮನ್ಯಾಗ ಕುಂತು ಫೋನ್ ನೋಡೂದಕಿಂತ ಛಲೋ ಅಲ್ಲೇನ್ರಿ?" ಎಂದು ಹುರಿದುಂಬಿಸಿದವರು ಅವರು. ಮೂರು ವಾರವಾಗುವಷ್ಟರಲ್ಲಿ ಅವರೇ ಮಗನನ್ನು ಬಿಡಿಸಿ ಎಂಜಿನಿಯರಿಂಗ್ ಕೋಚಿಂಗಿಗೆ ಹಾಕಿದರು. "ಅದರಾಗ ಏನೂ ಹುರುಳಿಲ್ಲ ಬಿಡ್ರಿ ಸರ" ಎಂದು ಲಿಫ್ಟಿನಲ್ಲಿ ನನಗೇ ಬುದ್ಧಿ ಹೇಳಿದರು. ಮರ ಹತ್ತಿಸಿ ಏಣಿ ತೆಗೆಯುವುದು ಎಂದರೆ ಇದೇ.

ಹೋಗಲಿ, ಲೆಕ್ಕಶಾಸ್ತ್ರವನ್ನೋ ಕಂಪ್ಯೂಟರನ್ನೋ ತೆಗೆದುಕೊಂಡಳೇ? ಅದೂ ಇಲ್ಲ. ಲಾಜಿಸ್ಟಿಕ್ಸ್. ಅಂದರೆ ಸಾಮಾನು ಹಡಗಿನಿಂದ ಇಳಿದು, ಗೋದಾಮು ಸೇರಿ, ಅಲ್ಲಿಂದ ಲಾರಿ ಹತ್ತುವ ವಿದ್ಯೆ. ಘಾಲಾದ ಒಂದು ಗೋದಾಮಿನ ಆಫೀಸಿನಲ್ಲಿ ಕೂತು ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಅದನ್ನೇ. ಕಂಟೇನರ್ ಬಂತಾ, ಬರಲಿಲ್ಲವಾ, ಡ್ರೈವರ್ ಎಲ್ಲಿ ಸತ್ತ ಎಂದು ದಿನವಿಡೀ ಹಿಂದಿಯಲ್ಲಿ ಕಿರುಚುವ ಕೆಲಸ. ಹೊಟ್ಟೆಪಾಡಿಗೆ ಮಾಡುವುದನ್ನು ಯಾರಾದರೂ ಪುಸ್ತಕ ಹಿಡಿದು ಓದುತ್ತಾರೆಯೇ? ಅವಳಿಗೆ ಹಾಗೆಂದೇ ಹೇಳಿದೆ. "ಇಟ್ಸ್ ಇಂಟರೆಸ್ಟಿಂಗ್, ಪಪ್ಪ" ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ನನ್ನ ಶನಿವಾರಗಳು ಹಾಳಾದದ್ದು ಹೀಗೆ. ವಾರಕ್ಕೊಮ್ಮೆ ಸೀಬ್‌ನ ಮೀನು ಮಾರುಕಟ್ಟೆಗೆ ಹೋಗಿ, ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ, ಚೌಕಾಸಿ ಮಾಡಿ ತರುವುದು ನನ್ನ ಪಾಲಿಗೆ ದೇವಸ್ಥಾನಕ್ಕೆ ಹೋಗಿಬಂದಷ್ಟೇ ನೆಮ್ಮದಿಯ ಕೆಲಸವಾಗಿತ್ತು. ಈಗ ಅದೇ ಹೊತ್ತಿಗೆ ಕಾಲೇಜಿನ ಪಾರ್ಕಿಂಗಿನಲ್ಲಿ ಎಸಿ ಹಾಕಿಕೊಂಡು ಕಾರಿನೊಳಗೆ ಕೂರಬೇಕು. ಇಲ್ಲವಾದರೆ ಎದುರಿನ ಕೆಫೆಟೇರಿಯಾದಲ್ಲಿ ಸಕ್ಕರೆ ಪಾಕದಂಥ ಚಹಾ ಕುಡಿಯಬೇಕು. ಮಧ್ಯಾಹ್ನ ಮಗಳು ಬರುತ್ತಾಳೆ. ಹೇಗಿತ್ತು ಎಂದರೆ "ಗುಡ್". ಎಂತ ಪಾಠ ಮಾಡಿದರು ಎಂದರೆ "ನಥಿಂಗ್". ಮನೆಯವರೆಗೂ ಅವಳ ಬಾಯಿಂದ ಅದಕ್ಕಿಂತ ಹೆಚ್ಚು ಅಕ್ಷರ ಉದುರುವುದಿಲ್ಲ. ಈ "ಗುಡ್, ನಥಿಂಗ್"ಗಾಗಿ ಒಬ್ಬ ಮನುಷ್ಯ ತನ್ನ ಮೀನನ್ನು ಬಿಡಬೇಕೇ?

ಅರ್ಧ ಅವಧಿ ಕಳೆದ ಮೇಲೆ ಮಂಗಳೂರಿನ ಕಾಲೇಜೊಂದಕ್ಕೆ ಫೋನ್ ಮಾಡಿ ಈ ಕ್ರೆಡಿಟ್ ನಿಮ್ಮಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿದೆ. ಮೊದಲೇ ವಿಚಾರಿಸಬೇಕಿತ್ತು ಎಂದು ಹೆಂಡತಿ ಹೇಳಿದಳು. ಅವಳು ಇಂಥದ್ದನ್ನೆಲ್ಲ ಆಮೇಲೆಯೇ ಹೇಳುವುದು. ಆಫೀಸಿನ ಮನುಷ್ಯ ನನ್ನ ಮಾತು ಮುಗಿಯುವ ಮೊದಲೇ, "ಅದೆಲ್ಲ ಇಲ್ಲಿ ನಡೆಯುದಿಲ್ಲ ಸರ್, ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ತನ್ನಿ, ಸಾಕು" ಎಂದ. ಅದೇ ವಾರ ಸ್ಕೂಲಿನ ಪರೀಕ್ಷೆಯಲ್ಲಿ ಅಕೌಂಟೆನ್ಸಿಯ ಅಂಕ ಇಳಿದು ಬಂತು. ಸಾಕು, ಬಿಡಿಸಿಬಿಡುವುದೆಂದು ನಿಶ್ಚಯಿಸಿದೆ.

"ಅವ್ಳಿಗೆ ಇಷ್ಟ ಉಂಟು ಮಾರಾಯ್ರೆ. ಒಮ್ಮೆ ಕೂತು ಕೇಳಿ" ಎಂದಳು ಹೆಂಡತಿ.

"ಕೇಳಿದ್ದೇನೆ. ಗುಡ್ ಅಂತಾಳೆ."

ಬಿಡಿಸುವುದು ಸೇರಿಸಿದಷ್ಟು ಸುಲಭವಾಗಿರಲಿಲ್ಲ. ಕಾಲೇಜಿಗೆ ಫೋನ್ ಮಾಡಿದರೆ, ಮಕ್ಕಳ ವಿಷಯ ನೋಡಿಕೊಳ್ಳುವ ಮೇಡಂ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ, ಬಿಡುವುದಾದರೆ ವಿದ್ಯಾರ್ಥಿಯೇ ಬಂದು ಹೇಳಬೇಕು ಎಂದರು. ನಾನು ಅವಳ ಅಪ್ಪ ಎಂದೆ. ಬಹಳ ಸಂತೋಷ ಸರ್, ಆದರೆ ಅವಳೇ ಹೇಳಬೇಕು ಎಂದರು. ಅವಳಿನ್ನೂ ಮಗು ಎಂದೆ. ನಮ್ಮಲ್ಲಿ ಅವಳು ವಿದ್ಯಾರ್ಥಿ, ಸರ್. ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರೆ ಫೇಲ್ ಎಂದು ದಾಖಲಾಗುತ್ತದಂತೆ. ನನಗೆ ಮೈಯೆಲ್ಲ ಉರಿಯಿತು. ಅವಳ ವೀಸಾಕ್ಕೆ ನನ್ನ ಸಹಿ, ಸ್ಕೂಲಿಗೆ ನನ್ನ ಸಹಿ, ಪಿಕ್ನಿಕ್ಕಿಗೆ ನನ್ನ ಸಹಿ. ಇದೊಂದಕ್ಕೆ ಮಾತ್ರ ನಾನು ಯಾರೂ ಅಲ್ಲ!

ಗುರುವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅವಳಿಗೆ ಕಲಿಸಿದೆ. ಬೋರ್ಡ್ ಪರೀಕ್ಷೆ ಮುಖ್ಯ, ಎರಡನ್ನೂ ಓದಲಿಕ್ಕೆ ಆಗುವುದಿಲ್ಲ, ಥ್ಯಾಂಕ್ಯೂ, ಮುಗಿಯಿತು.

ಮೇಡಂ ಎಂದರೆ ನಾನು ವಯಸ್ಸಾದವರನ್ನು ಎಣಿಸಿದ್ದೆ. ನೋಡಿದರೆ ಇನ್ನೂ ಹುಡುಗಿಯಂತಿದ್ದ ಒಮಾನಿ ಹೆಂಗಸು. ನಮ್ಮನ್ನು ಕೂರಿಸಿ, ಖರ್ಜೂರದ ತಟ್ಟೆಯನ್ನು ಮುಂದಕ್ಕೆ ಸರಿಸಿ, ಕ್ಲಾಸು ಹೇಗೆ ನಡೆಯುತ್ತಿದೆ ಎಂದು ಮಗಳನ್ನು ಕೇಳಿದರು. ಚೆನ್ನಾಗಿದೆ, ಆದರೆ ಸ್ಕೂಲಿನ ಹೊರೆ ಜಾಸ್ತಿ ಎಂದೆ ನಾನು. ಪಾಠ ಕಷ್ಟವಾಗುತ್ತದೆಯೇ ಎಂದು ಮತ್ತೆ ಅವಳನ್ನೇ ಕೇಳಿದರು. ಕಷ್ಟವೇನಿಲ್ಲ, ಅವಳು ಬುದ್ಧಿವಂತೆ ಎಂದೆ. ಮುಂದೆ ಏನಾಗಬೇಕೆಂದಿದ್ದೀ ಎಂದರು. ಸಿಎ ಎಂದೆ. ಆಗ ಅವರು ನಗುತ್ತಲೇ, "ಸರ್, ನಾನು ಕೇಳುತ್ತಿರುವುದು ಅವಳನ್ನು. ನೀವು ದಯವಿಟ್ಟು ಸ್ವಲ್ಪ ಹೊರಗೆ ಕೂರುತ್ತೀರಾ?" ಎಂದರು.

ಹೊರಗೆ ಕೂರುವುದು ನನಗೆ ಹೊಸದಲ್ಲ. ಬಂದ ಹೊಸತರಲ್ಲಿ ಕಫೀಲನ, ಅಂದರೆ ನನಗೆ ವೀಸಾ ಕೊಡಿಸಿದ ಧಣಿಯ, ಆಫೀಸಿನ ಹೊರಗೆ ಕೂತಿದ್ದೇನೆ. ವೀಸಾ ಕಚೇರಿಯ ಹೊರಗೆ, ಮ್ಯಾನೇಜರನ ಕೋಣೆಯ ಹೊರಗೆ ಕೂತಿದ್ದೇನೆ. ಒಳಗೆ ಯಾರೋ ನನ್ನ ಹಣೆಬರಹ ತೀರ್ಮಾನಿಸುವವರೆಗೆ ಹೊರಗಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕಾಯುವುದು ಈ ದೇಶದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ. ಆದರೆ ಒಳಗೆ ಕೂತಿರುವುದು ನನ್ನದೇ ಮಗಳು ಎಂಬುದನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಬಾಗಿಲಿಗೆ ಗಾಜಿತ್ತು. ಮಾತು ಕೇಳುತ್ತಿರಲಿಲ್ಲ, ಕಾಣುತ್ತಿತ್ತು. ಮನೆಯಲ್ಲಿ ಎರಡು ಶಬ್ದಕ್ಕಿಂತ ಹೆಚ್ಚು ಮಾತಾಡದ ಹುಡುಗಿ ಅಲ್ಲಿ ಎರಡೂ ಕೈಯಾಡಿಸಿಕೊಂಡು ಮಾತಾಡುತ್ತಿದ್ದಳು. ಮೇಡಂ ಏನೋ ಬರೆದುಕೊಂಡರು, ಯಾರಿಗೋ ಫೋನ್ ಮಾಡಿದರು. ಮಗಳು ಕಣ್ಣೊರೆಸಿಕೊಂಡಳು. ನಾನು ಎದ್ದು ನಿಂತೆ, ಒಳಗೆ ಹೋಗುವ ಧೈರ್ಯ ಬರಲಿಲ್ಲ, ಮತ್ತೆ ಕೂತೆ. ಕೊನೆಗೆ ಮಗಳು ಬಾಗಿಲು ತೆರೆದು ಮೇಡಂಗೆ ಅರಬ್ಬಿಯಲ್ಲಿ ಏನೋ ಹೇಳಿ ಹೊರಗೆ ಬಂದಳು. ಅವಳಿಗೆ ಅಷ್ಟು ಅರಬ್ಬಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಾರು ಹೊರಡಿಸುವ ಮೊದಲೇ ಕೇಳಿದೆ. "ಬಿಟ್ಟಾಯ್ತಲ್ಲ?"

"ಇಲ್ಲ. ಐ ಆಮ್ ಕಂಟಿನ್ಯೂಯಿಂಗ್."

"ಮಂಗಳೂರಲ್ಲಿ ಅದು ಮೂರು ಕಾಸಿಗೆ ಬೇಡ ಅಂತ ಎಷ್ಟು ಸರ್ತಿ ಹೇಳ್ಬೇಕು ನಿಂಗೆ?"

"ನಾನು ಮಂಗಳೂರಿಗೆ ಹೋಗುದಿಲ್ಲ ಪಪ್ಪ."

ಎಸಿ ಬಿಸಿ ಗಾಳಿ ಉಗುಳುತ್ತಿತ್ತು. ನಾನು ಅದರ ಗುಂಡಿಯನ್ನು ಅತ್ತಿತ್ತ ತಿರುಗಿಸಿದೆ. ಅವಳು ಹುಟ್ಟಿದ್ದು ಇಲ್ಲಿ, ನಡೆಯಲು ಕಲಿತದ್ದು ಇಲ್ಲಿ. ಮಂಗಳೂರು ಅವಳಿಗೆ ಬೇಸಿಗೆ ರಜೆಯಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುವ ಜಾಗ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅವಳ ಬಾಯಿಂದ ಕೇಳುವ ತಯಾರಿ ಇರಲಿಲ್ಲ.

"ಇದು ನಮ್ಮ ದೇಶ ಅಲ್ಲ ಮಾರಾಯ್ತಿ" ಎಂದೆ. "ನೀನು ಇಲ್ಲಿ ಇರುದು ನನ್ನ ವೀಸಾದಲ್ಲಿ. ನಾನು ಕೆಲಸ ಬಿಟ್ಟು ಹೊರಟ್ರೆ ನಿಂದು ಎಂತಾಗ್ತದೆ, ಗೊತ್ತುಂಟಾ?"

"ಗೊತ್ತು. ಅದಕ್ಕೇ ನಿಮ್ಗೆ ಹೇಳ್ಲಿಕ್ಕೆ ಆಗ್ಲಿಲ್ಲ." ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ನಾನು ಇರ್ತೇನೆ ಅಂದ್ರೆ ನೀವು ಹೋಗುದಿಲ್ಲ. ಮಮ್ಮಿಯೂ ಹೋಗುದಿಲ್ಲ. ಅದಕ್ಕೆ ಮೇಡಂ ಹತ್ರ ಕೇಳಿದೆ. ಕಾಲೇಜೇ ಸ್ಟೂಡೆಂಟ್ ವೀಸಾ ಮಾಡಿಸ್ಲಿಕ್ಕೆ ಆಗ್ತದಂತೆ. ಹಾಸ್ಟೆಲ್ ಉಂಟಂತೆ. ನೀವು ಊರಿಗೆ ಹೋಗಿ ಪಪ್ಪ. ಯೂ ವಾಂಟೆಡ್ ಟು ಗೋ, ನೋ?"

ಅಷ್ಟು ಹೊತ್ತು ಕೈಯಾಡಿಸಿಕೊಂಡು ಅವಳು ಒಳಗೆ ಮಾಡಿದ್ದು ಅದು. ನನಗೆ ಬಿಡುಗಡೆ ಮಾಡಿಸುತ್ತಿದ್ದಳು. ಊರಿಗೆ ಹೋಗುತ್ತೇನೆ ಎಂದು ವರ್ಷಗಟ್ಟಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದು ಕೊನೆಗೂ ನನ್ನ ಕೈಗೆ ಬಂದಿತ್ತು, ಅದೂ ಒಂದು ಪೈಸೆಯ ಚಿಂತೆಯಿಲ್ಲದೆ. ಆಗ ನನಗೆ ಬಂದಷ್ಟು ಸಿಟ್ಟು ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

"ಯಾರು ಹೇಳಿದ್ದು ನಿಂಗೆ, ನಾನು ಹೋಗ್ತೇನೆ ಅಂತ?" ಎಂದು ಅವಳ ಮೇಲೆ ಹರಿಹಾಯ್ದೆ.