ಬಾಗಿಲು ಹೊತ್ತು ಗಿಟಾರು ಕೊಂಡವರು

ನಮ್ಮ ಗಿಟಾರ ಮಾಸ್ತರ ಎಡಗೈ ಬೆರಳ ತುದಿಗಳು ಹುರಿದ ಪುಟಾಣಿಯಷ್ಟು ಗಟ್ಟಿಯಾಗಿದ್ದವು. ತಂತಿ ಒತ್ತಿ ಒತ್ತಿ ಪ್ರತಿ ತುದಿಯ ಮೇಲೂ ಒಂದೊಂದು ಗೆರೆ ಬಿದ್ದಿತ್ತು. ಕುದಿಯುವ ಚಹಾದ ಗ್ಲಾಸನ್ನು ಆ ಬೆರಳುಗಳಲ್ಲಿ ನಿರಾಳವಾಗಿ ಹಿಡಿದು ಪಕ್ಕದವರಿಗೆ ದಾಟಿಸುವರು. ಪಡೆದವರು ಹಾರಿ ಬಿದ್ದರೆ, "ಯಾಕ್ರಿ, ಬಿಸಿ ಐತೇನ್ರಿ?" ಎಂದು ಮುಖ ಸಣ್ಣದು ಮಾಡಿಕೊಂಡು ಕೇಳುವರು. ಅದು ನಟನೆಯಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಆ ನಾಲ್ಕು ಬೆರಳ ತುದಿಗಳನ್ನು ಬಿಟ್ಟರೆ ಅವರಲ್ಲಿ ಗಟ್ಟಿಯಾದದ್ದು ಬೇರೇನೂ ಇರಲಿಲ್ಲ. ಉಳಿದದ್ದೆಲ್ಲ ಕಳವಳ.

ಮೂಡಲಗಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ತಾಲೂಕು ಕಚೇರಿಯ ಗುಮಾಸ್ತ. ಅವರು ಹಗಲು ಹೊಲದವರು, ಮದುವೆಯ ದಿನಗಳಲ್ಲಿ ಆರ್ಕೆಸ್ಟ್ರಾದವರು. ಕಚೇರಿಯಿಂದ ಬಂದ ಮೇಲೆ ಅವರ ಬಳಿ ನಾನೂ ಒಂದಿಷ್ಟು ಗಿಟಾರು ಕಲಿತೆ. ಆದರೆ ನನ್ನನ್ನು ತಮ್ಮ ಶಿಷ್ಯನೆಂದು ಅವರು ಯಾರ ಮುಂದೆಯೂ ಹೇಳಲಿಲ್ಲ. ನನ್ನ ವಾದನವನ್ನು ಕೇಳಿದವರು ಇದನ್ನು ಅವರ ವಿವೇಕವೆಂದೇ ತಿಳಿಯುತ್ತಾರೆ.

ಎರಡರಲ್ಲಿ ಒಂದನ್ನು ಆರಿಸುವುದೆಂದರೆ ಮಾಸ್ತರಿಗೆ ಜ್ವರ ಬಂದಂತೆ. ಒಮ್ಮೆ ಬಾಚಣಿಕೆ ಕೊಳ್ಳಲು ಹೋಗಿ, ಕರಿಯದೋ ಕಂದುಬಣ್ಣದ್ದೋ ಎಂದು ನಿಂತು, ಅಂಗಡಿಯವನು ಊಟ ಮಾಡಿ ಬರುವವರೆಗೂ ನಿಂತೇ ಇದ್ದರು. "ಗಡಬಡಿ ಬ್ಯಾಡ್ರಿ" ಎನ್ನುವರು, "ಒಮ್ಮೆ ತಪ್ಪ ಆರಿಸಿದ್ರ ಆ ತಪ್ಪಿನ ಕೂಡ ದಿನಾ ಬಾಳೇ ಮಾಡಬೇಕಾಗತೈತಿ."

ಇದಕ್ಕೆ ಅವರ ಹೆಂಡತಿಯ ಟಿಪ್ಪಣಿ ಬೇರೆ ಇತ್ತು. ಅವರನ್ನು ನಾನು ಕಾಕು ಎನ್ನುತ್ತಿದ್ದೆ. "ನನ್ನ ನೋಡಾಕ ಬಂದಾಗೂ ಹಿಂಗ ಕುಂತಿದ್ರು. ಚಹಾ ಆರಿ ನೀರಾತು. ನಮ್ಮಪ್ಪ ಎದ್ದು 'ಹೂಂ ಅಂತೀರೋ, ಇಲ್ಲಾ ರಾತ್ರಿ ಊಟಕ್ಕೂ ಇರ್ತೀರೋ' ಅಂದ ಮ್ಯಾಲ ಹೂಂ ಅಂದ್ರು."

ಮಾಸ್ತರದು ಗಟ್ಟಿ ಮೈಯ ಎಲೆಕ್ಟ್ರಿಕ್ ಗಿಟಾರು. ಒಳಗೆ ಪೊಳ್ಳಿಲ್ಲ, ಕರೆಂಟು ಇಲ್ಲದಿದ್ದರೆ ಅದರ ದನಿ ಸೊಳ್ಳೆಯ ದನಿ. ನಮ್ಮಲ್ಲಿ ಸಂಜೆ ಕರೆಂಟು ಹೋಗುವುದು ದೀಪ ಹಚ್ಚುವಷ್ಟೇ ನಿಯಮದ ಸಂಗತಿ. ಆದ್ದರಿಂದ ಮಾಸ್ತರು ತರುಣರಿದ್ದಾಗಲೇ ಒಂದು ದಾರಿ ಕಂಡುಕೊಂಡಿದ್ದರು. ಪಡಸಾಲೆಯಲ್ಲಿ ಸ್ಟೂಲು ಹಾಕಿ ಕುಳಿತು, ಗಿಟಾರಿನ ತಲೆಯನ್ನು ಅಡುಗೆಮನೆಯ ಬಾಗಿಲ ಹಲಗೆಗೆ ಒತ್ತಿ ಹಿಡಿದು ಬಾರಿಸುವರು. ಹಳೆಯ ಸಾಗವಾನಿ ಬಾಗಿಲು. ತಂತಿಯ ನಡುಕ ಹಲಗೆಗೆ ಇಳಿದು ಇಡೀ ಬಾಗಿಲೇ ಹಾಡುತ್ತಿತ್ತು. ಆಚೆ ಬದಿಯಲ್ಲಿ ಕಾಕು ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಶೇಂಗಾ ಸುಲಿಯುತ್ತ, ತಪ್ಪಿದಲ್ಲಿ ಒಳಗಿನಿಂದಲೇ ಕೂಗುವರು. ಅವರ ಸಂಸಾರದ ಮುಖ್ಯ ಮಾತುಕತೆಯೆಲ್ಲ ಹೀಗೆ ಮುಚ್ಚಿದ ಬಾಗಿಲ ಮೂಲಕವೇ ನಡೆಯಿತೆಂದು ನನ್ನ ಅಂದಾಜು.

ವಯಸ್ಸಾದಂತೆ ಕಾಕುವಿನ ಕಿವಿ ಮಂದವಾಯಿತು. ಕಿವಿಗೆ ಮಶಿನ್ ತಂದರು. ಅದರಲ್ಲಿ ಪಾತ್ರೆಗಳು ಕಿರುಚುತ್ತವೆ, ಗಿಟಾರು ಬಜಿ ಕರಿದಂತೆ ಕೇಳುತ್ತದೆ ಎಂದು ಕಾಕು ಅದನ್ನು ಡಬ್ಬಿಯಲ್ಲಿಟ್ಟರು. ಮಾತನ್ನು ತುಟಿ ನೋಡಿ ತಿಳಿಯುವರು. ಕುಕ್ಕರಿನ ಸೀಟಿ ಕೇಳಿಸದೆ ಬೇಳೆ ಸೀದ ಒಂದು ಸಂಜೆ, ಬಾಗಿಲಿನಾಚೆಯಿಂದ ಅವರ ದನಿ ಬಂತು: "ಅಲ್ಲಿ ತಪ್ಪಿದ್ರಿ ನೋಡ್ರಿ!" ಮಾಸ್ತರು ಗಿಟಾರು ಕೆಳಗಿಟ್ಟು ನೇರ ನಮ್ಮ ಮನೆಗೆ ಬಂದರು. ಮುಖ ಬಿಳಿಚಿತ್ತು. "ಇಕಿ ಬೆನ್ನಿಲೆ ಕೇಳತಾಳೋ" ಎಂದು ಹೇಳಿ ಕುಳಿತರು.

ಅಂದಿನಿಂದ ಕರೆಂಟು ಇದ್ದರೂ ಬಾಗಿಲೇ. ಆರ್ಕೆಸ್ಟ್ರಾ ಬಿಟ್ಟರೂ ಸಂಜೆಯ ಬಾಗಿಲು ಬಿಡಲಿಲ್ಲ.

ಹೀಗಿರುವಾಗ ಗಿಟಾರಿನ ಕೊರಳು ಬಾಗಿತು. ಕೊರಳೊಳಗಿನ ಸರಳನ್ನು ಎಷ್ಟು ತಿರುವಿದರೂ ನೆಟ್ಟಗಾಗಲಿಲ್ಲ. ಹೊಸದು ಬೇಕು. ಮಾಸ್ತರ ಬದುಕಿನ ಅತಿ ದೊಡ್ಡ ಸಂಕಟ ಇಲ್ಲಿಂದ ಶುರು. ಗೋಕಾಕದ ಅಂಗಡಿಯಲ್ಲಿ ಒಂದು ಗಿಟಾರಿತ್ತು, ಹುಕ್ಕೇರಿಯ ಅಂಗಡಿಯಲ್ಲಿ ಇನ್ನೊಂದು. ಒಂದೇ ಕಂಪನಿ, ಒಂದೇ ಆಕಾರ, ಒಂದೇ ಕುಂಕುಮಗೆಂಪು. ಅವಳಿ ಮಕ್ಕಳ ತಾಯಿಗೂ ಗುರುತು ಹತ್ತಬಾರದು, ಹಾಗಿದ್ದವು. ವ್ಯತ್ಯಾಸ ಒಂದೇ: ತಂತಿಗಳನ್ನು ಹೊರುವ ಬ್ರಿಡ್ಜು ಗೋಕಾಕದ್ದರಲ್ಲಿ ಮೈಗೆ ಬಿಗಿಯಾಗಿ ಜಡಿದಿತ್ತು. ಹುಕ್ಕೇರಿಯದ್ದರಲ್ಲಿ ಅದು ಸ್ಪ್ರಿಂಗುಗಳ ಮೇಲೆ ಕುಳಿತಿತ್ತು, ಅಲುಗಿಸಲು ಒಂದು ಸಣ್ಣ ಹಿಡಿಕೆಯೂ ಇತ್ತು.

"ಯಾವುದರೆ ತಗೋರಿ ಮಾಸ್ತರ, ಎರಡೂ ಚಲೋನ ಅದಾವು" ಎಂದೆ.

"ಹಂಗಲ್ಲೋ ತಮ್ಮಾ" ಎಂದರು, ದನಿ ಇಳಿಸಿ. ಕಾಕು ಎದುರಿಗೆ ಇರಲಿಲ್ಲ, ಇದ್ದರೂ ಕೇಳುತ್ತಿರಲಿಲ್ಲ, ಆದರೂ ಇಳಿಸಿದರು. "ಸ್ಪೀಕರಿನ್ಯಾಗ ಎರಡೂ ಚಲೋನ. ಬಾಗಲದಾಗ ಯಾವುದು ದಾಟತೈತಿ? ತಪ್ಪ ಗಿಟಾರ ತಂದ್ನೆಂದ್ರ ಇಕಿಗಿ ನಾ ಮತ್ತ ಕೇಳಸಂಗಿಲ್ಲ."

ನಾನು ಕಚೇರಿಗೆ ಒಂದು ದಿನದ ರಜೆ ಬರೆದೆ.

ಮೊದಲ ಯಾತ್ರೆ ಬಸ್ಸಿನಲ್ಲಿ, ನಾವಿಬ್ಬರೇ. ಗೋಕಾಕದಲ್ಲಿ ಗಿಟಾರಿನ ತಲೆಯನ್ನು ಅಂಗಡಿಯ ಕಪಾಟಿಗೆ ಒತ್ತಿ ಬಾರಿಸಿದರು. ಹಲಗೆಗೆ ಕೆನ್ನೆ ಹಚ್ಚಿ ಕೇಳು ಎಂದು ನನಗೆ ಅಪ್ಪಣೆಯಾಯಿತು, ಹಚ್ಚಿದೆ. ಆಮೇಲೆ ಆ ನಾದ ಹುಕ್ಕೇರಿ ಮುಟ್ಟುವವರೆಗೆ ಕೆಡಬಾರದೆಂದು ಮಾಸ್ತರು ಎರಡೂ ಕಿವಿಗೆ ಅರಳೆ ತುರುಕಿಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ "ಎಲ್ಲಿಗ್ರಿ?" ಎಂದು ಕೇಳಿದರೆ ಕಣ್ಣು ಮುಚ್ಚಿ ಕೈ ಮುಗಿದರು. ಘಟಪ್ರಭಾ ದಾಟುವಷ್ಟರಲ್ಲಿ ಹಿಂದಿನ ಸೀಟಿನವನೊಬ್ಬ ಮೊಬೈಲಿನಲ್ಲಿ ಸಿನಿಮಾ ಹಾಡು ಹಚ್ಚಿದ. ಮಾಸ್ತರು ನನ್ನ ತೊಡೆ ಹಿಡಿದು, "ಹೋತು... ಎಲ್ಲಾ ಹೋತು" ಎಂದರು, ಕಾಲುವೆಗೆ ಏನೋ ಬೀಳಿಸಿಕೊಂಡವರಂತೆ. ಹುಕ್ಕೇರಿಯಲ್ಲಿ ಕಪಾಟೂ ಇರಲಿಲ್ಲ. ಗಾಜಿನ ಕೌಂಟರಿಗೆ ಒತ್ತಿ ಬಾರಿಸಿದರು, ಗಾಜು ಕೀಚೆಂದಿತು.

ಮರಳುವಾಗ, ಕಚೇರಿಯ ರೂಢಿಯಂತೆ ನಾನೊಂದು ಆಕ್ಷೇಪಣೆ ಎತ್ತಿದೆ. "ಮಾಸ್ತರ, ಅಲ್ಲಿ ಕಟಗಿ, ಇಲ್ಲಿ ಗಾಜು. ಗಿಟಾರ ನೋಡಿದಿವೋ, ಅಂಗಡಿ ಸಾಮಾನ ನೋಡಿದಿವೋ? ಬಾಗಲಾ ಒಂದ ಇರಬೇಕ್ರಿ. ಬೆನ್ನೂ ಕಾಕೂಂದ ಇರಬೇಕು."

ಆಡಿದ ಮಾತು ಇಷ್ಟು ಬೇಗ ಜಾರಿಯಾಗುತ್ತದೆಂದು ತಿಳಿದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಮುಂದಿನ ರವಿವಾರ ಬೆಳಿಗ್ಗೆ ಮಾಸ್ತರು ಬಿಜಾಗರಿ ಬಿಚ್ಚಿ ಅಡುಗೆಮನೆಯ ಬಾಗಿಲನ್ನು ಕಳಚಿ ಅಂಗಳದಲ್ಲಿ ನಿಲ್ಲಿಸಿದ್ದರು. ಬಾಡಿಗೆಯ ಟಂಟಂ ಗಾಡಿ ಬಂದಿತ್ತು. ಓಡಿಸುವಾತ ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿ, "ಬಾಗಲಾ ಒಂದ ಸಾಕೇನ್ರಿ ಮಾಸ್ತರ? ಕಿಡಕಿನೂ ತರ್ರಿ, ಜಾಗಾ ಐತಿ" ಎಂದ.

ಕಾಕುವನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಗಾಡಿಯ ನಡುಕ ಹತ್ತಿ ಬೆನ್ನು ಮಂದವಾಗಬಾರದೆಂದು, ಬೆನ್ನ ಹಿಂದೆ ಕೌದಿ ಮಡಿಚಿಟ್ಟು, ಅದೂ ಸಾಲದೆ "ಆನಿಕೊಂಡ ಕೂಡ್ರಬ್ಯಾಡ" ಎಂದು ಕೈಸನ್ನೆ ಮಾಡಿದರು.

"ಹುಕ್ಕೇರಿತನಾ ಕೋಲ ಹಂಗ ಕುಂದ್ರಲೇನ್ರಿ?" ಎಂದರು ಕಾಕು. ಆದರೂ ಕೋಲಿನ ಹಾಗೆಯೇ ಕುಳಿತರು. ಹಿಂದೆ ನಾನೂ ಮಾಸ್ತರೂ ಬಾಗಿಲನ್ನು ಅಪ್ಪಿ ಹಿಡಿದಿದ್ದೆವು. ದಾರಿಯುದ್ದಕ್ಕೂ ಅವರು ಕೇಳುತ್ತಿದ್ದುದು ಒಂದೇ: "ಎರಡರಾಗೂ ಬರಲಿಲ್ಲಂದ್ರ ಹೆಂಗೋ?"

ಗೋಕಾಕದ ಅಂಗಡಿಯಲ್ಲಿ ಬಾಗಿಲು ಇಳಿಯಿತು. ಹಾದಿಯಲ್ಲಿ ಹೋಗುವವರು ನಿಂತರು. ಅಂಗಡಿಯವರು ಕನ್ನಡಕ ಸರಿಪಡಿಸಿಕೊಂಡು, "ಏನ್ರಿ, ಬಾಗಲಾ ಕೊಟ್ಟು ಗಿಟಾರ ಒಯ್ಯವ್ರೇನ್ರಿ?" ಎಂದರು. ನಾನು ಬಾಗಿಲನ್ನು ನೆಟ್ಟಗೆ ಹಿಡಿದೆ. ಒಂದು ಬದಿಗೆ ಕಾಕು ಬೆನ್ನು ಕೊಟ್ಟು ಕುಳಿತು ಸೆರಗು ಸರಿಮಾಡಿಕೊಂಡರು. ಇನ್ನೊಂದು ಬದಿಯಲ್ಲಿ ಮಾಸ್ತರು ಬಾರಿಸಿದರು. ಅವರ ಹಣೆಯ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಬಂತೇನ?" ಸುತ್ತು ಬಂದು ಕಾಕುವಿನ ಎದುರು ಕುಕ್ಕರಗಾಲಲ್ಲಿ ಕುಳಿತು ಕೇಳಿದರು.

"ಬಂತ್ರಿ."

"ಬಂತಂದ್ರ ಎಷ್ಟ ಬಂತು?"

"ಎಷ್ಟಂದ್ರ ಏನ್ ಕಿಲೋದಾಗ ಹೇಳಲೇನ್ರಿ? ಇನ್ನೊಂದು ನೋಡೂಣು ನಡೀರಿ."

ಹೊರಡುವಾಗ ಅಂಗಡಿಯವರು, ಅಂಕಲಗಿಯ ಭಜನಾ ಮೇಳದವರೂ ಇದೇ ಗಿಟಾರನ್ನು ನೋಡಲು ಸಂಜೆ ಬರುವವರಿದ್ದಾರೆ ಎಂದರು. ಮಾಸ್ತರ ಕಾಲು ಅಲ್ಲಿಯೇ ಹೂತಿತು. ಕೊಂಡುಬಿಡೋಣವೇ? ಹುಕ್ಕೇರಿಯದೇ ಚಲೋ ಇದ್ದರೆ? ನೋಡಿ ಬರೋಣವೇ? ಅಷ್ಟರಲ್ಲಿ ಇದು ಹೋದರೆ? ಅಂಗಡಿಗೂ ಟಂಟಂಗೂ ನಡುವೆ ಅವರು ಓಡಾಡಿದ್ದನ್ನು ನೋಡಿ ಕಾಕು ಕೈ ಹಿಡಿದು ಗಾಡಿ ಹತ್ತಿಸಿದರು.

ಹುಕ್ಕೇರಿಯಲ್ಲಿ ಮತ್ತೆ ಬಾಗಿಲು ಇಳಿಯಿತು. ಮಾಸ್ತರು ಅದೇ ರಾಗ, ಅದೇ ವೇಗದಲ್ಲಿ ಬಾರಿಸಿ, ತಂತಿಗಳನ್ನು ಅಂಗೈಯಿಂದ ಮುಚ್ಚಿ ನಿಲ್ಲಿಸಿದರು. ಕಾಕು ಏಳಲಿಲ್ಲ. ಹುಬ್ಬು ಗಂಟಿಕ್ಕಿ, ತಲೆಯನ್ನು ಹಿಂದಕ್ಕೆ ಹಲಗೆಗೆ ಒರಗಿಸಿ ಕುಳಿತೇ ಇದ್ದರು. ಮಾಸ್ತರು ನನ್ನತ್ತ ನೋಡಿದರು. ಆ ನೋಟವನ್ನು ನಾನು ಆಸ್ಪತ್ರೆಯ ವರಾಂಡಗಳಲ್ಲಿ ಕಂಡಿದ್ದೇನೆ, ಬೇರೆಲ್ಲೂ ಕಂಡಿಲ್ಲ.

"ನಿಲ್ಲಿಸಿದ್ರೇನ್ರಿ?" ಎಂದು ಕಾಕು ಕೊನೆಗೆ ಕೇಳಿದರು.

"ಆಗಲೇ ನಿಲ್ಲಿಸಿನಿ" ಎಂದರು ಮಾಸ್ತರು, ಬಾಗಿಲ ಪಕ್ಕದಿಂದ ಮುಖ ಚಾಚಿ ತುಟಿ ತೋರಿಸಿ.

"ನೀವು ಬಿಟ್ಟ ಮ್ಯಾಲೂ ಹಿಂದ ಯಾರೋ ಗುಣುಗುಡತಾರ."

ಮಾಸ್ತರು ಗಿಟಾರಿನ ಬೆನ್ನಿಗೆ ಕಿವಿ ಹಚ್ಚಿ ತಂತಿ ಮೀಟಿ ಮುಚ್ಚಿದರು. ಹೌದು, ತಂತಿ ಸುಮ್ಮನಾದ ಮೇಲೂ ಒಳಗಿನ ಸ್ಪ್ರಿಂಗುಗಳು ಸಣ್ಣಗೆ ಮಿಡಿಯುತ್ತಿದ್ದವು. ನಮ್ಮ ನಾಲ್ಕು ಕಿವಿಗಳಿಗೆ ಅದು ಹತ್ತಿರಲಿಲ್ಲ.

"ಇದು ಬ್ಯಾಡ್ರಿ" ಎಂದು ಕಾಕು ಎದ್ದು ಸೀರೆ ಕೊಡವಿದರು. "ನಿಮ್ಮ ಕೂಡ ಇನ್ನೊಬ್ಬರ್ಯಾರೋ ಅದಾರ ಇದರಾಗ. ನಮ್ಮ ಮನ್ಯಾಗ ಇಬ್ಬರ ಸಾಕು."

ಅಲ್ಲಿಂದ ಗೋಕಾಕಕ್ಕೆ ಓಡಿದ್ದು ಓಟವೇ. ಅಂಗಡಿಗೆ ಫೋನು ಹಚ್ಚಿದರೆ ಎತ್ತುವವರಿಲ್ಲ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದಾಗಲೆಲ್ಲ ಮಾಸ್ತರು ನಿಟ್ಟುಸಿರಿನೊಡನೆ ಬಾಗಿಲ ಮೇಲೆ ಹಣೆ ಇಡುತ್ತಿದ್ದರು. ಮುಟ್ಟಿದಾಗ ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನೋಡಿದೆವು. ಗಿಟಾರು ತೂಗುತ್ತಿದ್ದ ಕೊಕ್ಕೆ ಖಾಲಿ.

ಮಾಸ್ತರು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಾಕುವಿಗೆ ಏನಾಯಿತೆಂದು ಹೇಳಬೇಕಾಗಿರಲಿಲ್ಲ. ಗಂಡನ ಮುಖವನ್ನು ನೋಡಿ, ಪಕ್ಕದಲ್ಲಿ ಕುಳಿತು, "ಇರಲಿ ಬಿಡ್ರಿ" ಎಂದರು. ಆ ಮಾತು ಅವರಿಗೆ ಮತ್ತೂ ಭಾರವಾಯಿತು.

ಒಳಗಿನಿಂದ ಅಂಗಡಿಯವರು ಹೊರಬಂದರು, ಕೈಯಲ್ಲಿ ಚೀಲದೊಳಗಿನ ಗಿಟಾರು. "ಅಂಕಲಗಿಯವ್ರು ಬಂದಿದ್ರು. ಕೊಡಲಿಲ್ಲ. ಬಾಗಲಾ ಹೊತ್ಕೊಂಡ ಬಂದವ್ರು ಸುಮ್ನ ಹೋಗೂದಿಲ್ಲಂತ ತೆಗದ ಇಟ್ಟಿದ್ನಿ" ಎಂದರು.

ಮನೆ ಮುಟ್ಟಿ ಬಾಗಿಲು ಕೂರಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಾಕು ಆಚೆ ಹೋಗಿ ಕುಳಿತರು. ಮಾಸ್ತರು ಬಾರಿಸಲು ಶುರುಮಾಡಿ, ನಡುವೆ ಒಮ್ಮೆ ನಿಂತು, ಉಸಿರು ಹಿಡಿದು ಕಾದರು.

"ಮೂರನೇ ತಂತಿ ಇಳದೈತಿ!" ಒಳಗಿನಿಂದ ಗದರಿಕೆ ಬಂತು. "ಇಷ್ಟ ದೂರ ಅಡ್ಡಾಡಿ ತಂದು ಹಿಂಗ ಬಾರಸೂದೇನ್ರಿ?"

ಮಾಸ್ತರು ಗಿಟಾರಿನ ಕಿವಿ ತಿರುವಿ ತಂತಿ ಏರಿಸಿದರು. ಕಣ್ಣೊರೆಸಿಕೊಂಡರು. ಇಷ್ಟು ಸುಖವಾಗಿ ಬೈಸಿಕೊಂಡವರನ್ನು ನಾನು ಮತ್ತೆ ನೋಡಿಲ್ಲ.

ಆ ಗಿಟಾರನ್ನು ಅವರು ಹೆಚ್ಚು ಕಾಲ ಬಾರಿಸಲಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ, ಒಂದು ಮುಂಜಾನೆ, ಚಹಾ ಕುಡಿದು ಒರಗಿದವರು ಏಳಲಿಲ್ಲ. ಹಿಂದೆ ಮುಂದೆ ನೋಡದೆ, ಯಾರನ್ನೂ ಕೇಳದೆ, ಥಟ್ಟನೆ ಅವರು ಮಾಡಿದ ಕೆಲಸ ಅದೊಂದೇ.

ದಿನಗಳು ಕಳೆದ ಮೇಲೆ ಕಾಕು ಗಿಟಾರನ್ನು ನನ್ನ ಕೈಗೆ ಕೊಟ್ಟರು. ಅವರ ಬಾಗಿಲಿಗೆ ಹಚ್ಚಿ ಬಾರಿಸಲೇ ಎಂದು ಕೇಳಿದೆ. "ಅಲ್ಲಿ ಬ್ಯಾಡೋ ತಮ್ಮಾ. ಅವರ ಕುಂತಂಗ ಅಕ್ಕೈತಿ" ಎಂದರು. ಈಗ ಸಂಜೆ ಅವರೇ ನಮ್ಮ ಮನೆಗೆ ಬರುತ್ತಾರೆ. ನಮ್ಮ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ನಾನು ಬಾರಿಸುತ್ತೇನೆ. ಮುಗಿದ ಮೇಲೆ, "ಚಲೋ ಬಂತೋ" ಎನ್ನುತ್ತಾರೆ.

ಇದೇ ನನ್ನನ್ನು ಕಾಡತೊಡಗಿತು. ಮಾಸ್ತರಂಥ ಮಾಸ್ತರಿಗೆ ಒಂದು ದಿನವೂ ಚಲೋ ಎನ್ನದವರು ನನಗೆ ದಿನಾ ಚಲೋ ಎಂದರೆ, ಅವರಿಗೆ ಏನೂ ಕೇಳಿಸುತ್ತಿಲ್ಲವೆಂದೇ ಅರ್ಥ. ನಮ್ಮದು ಪ್ಲೈವುಡ್ಡಿನ ಬಾಗಿಲು, ನಡುವೆ ಬರೀ ಹೊಟ್ಟು. ದಾಕ್ಷಿಣ್ಯಕ್ಕೆ ಕುಳಿತು, ದಾಕ್ಷಿಣ್ಯಕ್ಕೆ ಹೇಳಿ ಹೋಗುತ್ತಾರೆ. ಅವರು ಒಮ್ಮೆ ನನ್ನನ್ನೂ ಒಳಗಿನಿಂದ ಗದರಬೇಕು. ನನಗೆ ಬೇಕಾದದ್ದು ಅಷ್ಟೇ.

ಬಡಿಗೇರನಿಗೆ ಸಾಗವಾನಿ ಬಾಗಿಲು ಹೇಳಿದ್ದೇನೆ. ಆತ ಎರಡು ಹಲಗೆ ತೆಗೆದಿಟ್ಟಿದ್ದಾನೆ, ಒಂದೇ ಅಗಲ, ಒಂದೇ ದಪ್ಪ, ಒಂದೇ ಬಣ್ಣ. "ಎರಡೂ ಒಂದ ಅದಾವ್ರಿ ಸಾಹೇಬ್ರ, ಯಾವುದರೆ ಒಂದು ಹೇಳ್ರಿ, ಕೊಯ್ಯಾಕ ಹಚ್ಚತೇನಿ" ಎಂದು ದಿನಾ ಫೋನು ಮಾಡುತ್ತಾನೆ. ದಿನಾ ನಾಳೆ ಎನ್ನುತ್ತೇನೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ನಿನ್ನೆ ಗಿಟಾರು ಹೊತ್ತುಕೊಂಡೇ ಅವನ ಅಂಗಡಿಗೆ ಹೋದೆ. ಅದರ ತಲೆಯನ್ನು ಮೊದಲ ಹಲಗೆಗೆ ಒತ್ತಿ, ಅವನ ಕೈಗೆ ಕೊಟ್ಟು, ನಾನು ಆಚೆ ಬದಿಗೆ ಹೋಗಿ ಬೆನ್ನು ಹಚ್ಚಿ ಕುಳಿತೆ.

"ಬಾರಸಾಕ ನನಗ ಬರೂದಿಲ್ರಿ" ಎಂದ ಬಡಿಗೇರ.

"ಸುಮ್ನ ಮೀಟೋ ಮಾರಾಯಾ" ಎಂದೆ.