ಹಸಿರು ಗಾಜಿನ ಮುಚ್ಚಳ

ಅವನ ಬಲಗೈ ಹೆಬ್ಬೆರಳು ಹೊರಕ್ಕೆ ಸೊಟ್ಟಗೆ ಬಾಗಿತ್ತು. ಹರೆಯದಿಂದ ಉಳಿ ಹಿಡಿದು ಪಾತ್ರೆಗಳ ಮೇಲೆ ಹೆಸರು ಕೊರೆದ ಬೆರಳು. ನೆಲ್ಯಹುದಿಕೇರಿಯ ಪಾತ್ರೆ ಅಂಗಡಿಯಲ್ಲಿ ಅವನು ಹೆಸರು ಹಾಕುವವನು, ನಾನು ಪಾತ್ರೆ ಒರೆಸುವವಳು. ನನಗೆ ಬರುವ ಅಕ್ಷರವೆಲ್ಲ ಅವನು ಕೊರೆದದ್ದನ್ನು ಒರೆಸುತ್ತಾ ಕಲಿತದ್ದು. ತಪ್ಪು ಓದಿದರೆ, "ಅಕ್ಕ, ಅದು ಮದುವೆ ಹೆಣ್ಣಿನ ಹೆಸರು, ಎಮ್ಮೆ ಹೆಸರಲ್ಲ" ಎನ್ನುತ್ತಿದ್ದ.

ಆಮೇಲೆ ಯಜಮಾನರು ಹೆಸರು ಕೊರೆಯುವ ಲೇಸರ್ ಮಿಷನ್ ತಂದರು. ಅದರ ತಲೆಯೊಳಗೆ ಉಗುರಿನಷ್ಟಗಲದ ಎರಡು ಕನ್ನಡಿ. ಅದು ಹೇಗೆ ಬರೆಯುತ್ತದೆ ಎಂದು ಕೇಳಿದೆ. ಗೋಡೆಯ ಮೇಲಿದ್ದ ಹಳೆಯ ಸ್ಟೆಬಿಲೈಸರಿನ ಮುಳ್ಳು ತೋರಿಸಿದ.

"ಕರೆಂಟು ಬಂದಷ್ಟು ಆ ಮುಳ್ಳು ವಾಲುತ್ತಲ್ಲ, ಇಲ್ಲಿ ಮುಳ್ಳಿನ ಬದಲು ಕನ್ನಡಿ ವಾಲುತ್ತೆ. ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಬೆಳಕು ಬೀಳಬೇಕಾದ ಕಡೆನೇ ಬೀಳುತ್ತೆ."

ಪಾತ್ರೆಯ ಮೇಲೆ ಕಾಣುವ ಕೆಂಪು ಚುಕ್ಕೆ ಬರೀ ಜಾಗ ತೋರಿಸುವುದಕ್ಕೆ. ಸುಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ಕಣ್ಣಿಗೆ ತಾಗದಿರಲೆಂದೇ ಪೆಟ್ಟಿಗೆಯಂಥ ಮುಚ್ಚಳ ಕೊಟ್ಟಿದ್ದರು, ಹಸಿರು ಗಾಜಿನದು. ಕನ್ನಡಕವೂ ಇತ್ತು.

ಹೊಳೆ ಉಕ್ಕಿ ಮನೆಗಳಿಗೆ ನುಗ್ಗಿದ ವರ್ಷ ಕ್ಯಾಂಪಿನಲ್ಲಿ ಎಲ್ಲರಿಗೂ ಒಂದೇ ಥರದ ಸ್ಟೀಲ್ ಕೊಡಪಾನ ಹಂಚಿದರು. ಯಾರದು ಯಾವುದು ಎಂದು ಜಗಳ ಹತ್ತಿತು. ಎಲ್ಲರೂ ಹೆಸರು ಹಾಕಿಸಲು ಬಂದು ನಿಂತರು. ಕೊಡಪಾನ ಆ ಮುಚ್ಚಳದೊಳಗೆ ಕೂರಲಿಲ್ಲ. ಬಿಚ್ಚಿಟ್ಟ. ಅಕ್ಷರ ಮಂಕಾಗಿ ಕಾಣುತ್ತದೆಂದು ಕನ್ನಡಕವನ್ನೂ ತೆಗೆದ.

"ಮುಚ್ಚಳ ಹಾಕೋ," ಅಂದೆ.

"ಹಾಕಿದ್ರೆ ದೊಡ್ಡ ಪಾತ್ರೆ ಕೂರಲ್ಲ ಅಕ್ಕ. ಏನೂ ಆಗಲ್ಲ, ಬಿಸಿನೂ ಇಲ್ಲ."

ಹಳೇ ಚಾಳಿ. ಬಗ್ಗಿ ಒಂದೊಂದು ಅಕ್ಷರವನ್ನೂ ನೋಡುವನು, ಉಫ್ ಎಂದು ಊದುವನು. ಕೊಡಪಾನದ ಹೊಟ್ಟೆ ಅವನ ಮುಖದೆದುರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಚ್ಚಳ ಅಂಗಡಿಯಲ್ಲಿ ಅಡ್ಡವೆಂದು ಮನೆಗೆ ಒಯ್ದ.

ಸ್ವಲ್ಪ ದಿನಕ್ಕೆ ಎಡಗಣ್ಣು ಉಜ್ಜತೊಡಗಿದ. "ಸಾಸಿವೆ ಬಿದ್ದಂಗಿದೆ, ಹೋಗ್ತಿಲ್ಲ." ರೆಪ್ಪೆ ಬಿಡಿಸಿ ನೋಡಿದೆ. ಒಳಗೆ ಏನೂ ಇರಲಿಲ್ಲ.

"ಕೆಲಸ ನಿಲ್ಲಿಸು."

"ಇನ್ನೊಂದು ಕಣ್ಣಿದೆಯಲ್ಲ," ಎಂದು ನಕ್ಕ.

ಒಂದು ಬೆಳಿಗ್ಗೆ ನನ್ನ ಕಡೆ ತಿರುಗಿದ. "ಅಕ್ಕ, ನಿಮ್ಮ ಸೆರಗು ಕಾಣುತ್ತೆ, ಕಿವಿ ಕಾಣುತ್ತೆ. ಮುಖ ಇಲ್ಲ."

ಪಾತ್ರೆಗೆ ಬಡಿದು ಚಿಮ್ಮಿದ ಬೆಳಕು ಎರಡೂ ಕಣ್ಣಿನೊಳಗೆ ಸುಟ್ಟಿದೆ, ಸುಟ್ಟ ಜಾಗ ಮತ್ತೆ ಸರಿಹೋಗುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದರು.

ಹೋದ ಮಳೆಗಾಲ ಎದೆನೋವು ಬಂದು ಸತ್ತ. ನೋಡಲು ಹೋದಾಗ ಅಂಗಳದಲ್ಲಿ ಆ ಮುಚ್ಚಳವನ್ನು ಕೋಳಿಮರಿಗಳ ಮೇಲೆ ಬೋರಲು ಹಾಕಿದ್ದರು. ಅವನ ಹೆಂಡತಿಯನ್ನು ಕೇಳಿ ತಂದೆ. ಮಿಷನ್ನನ್ನು ಯಜಮಾನರು ಕುಶಾಲನಗರದ ಒಬ್ಬನಿಗೆ ಮಾರಿದ್ದರು. ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ನನಗೆ ಅಕ್ಷರ ಕೊಟ್ಟವನಿಗೆ ಅಷ್ಟಾದರೂ ಮಾಡಬೇಕಿತ್ತು.

ಹೊಸಬ ಒಂದು ಹಂಡೆಯ ಮೇಲೆ ಬಗ್ಗಿದ್ದ. ಬರಿಗಣ್ಣು. ಕೆಂಪು ಚುಕ್ಕೆ ಓಡುತ್ತಿತ್ತು. ಮುಚ್ಚಳವನ್ನು ಮುಂದಿಟ್ಟು, ಮೊದಲಿನವನ ಕಣ್ಣು ಹೋದದ್ದನ್ನು ಹೇಳಿದೆ.

"ಹಾಕಿದ್ರೆ ದೊಡ್ಡ ಪಾತ್ರೆ ಕೂರಲ್ಲ ಅಜ್ಜಿ," ಅಂದ. ಅಂದು, ಎಡಗಣ್ಣು ಉಜ್ಜಿಕೊಂಡ.